ನೀರು ಬಂದು ಹೋಗುವ ಬಾಗಿಲು

ನಮ್ಮ ಅತ್ತಿ, ಅಂದರೆ ಅಪ್ಪನ ಅಕ್ಕ, ಭೂಕಂಪವಾದ ಮೇಲೆ ಯಾವ ಮನೆಯ ಸೂರಿನ ಕೆಳಗೂ ಮಲಗಲಿಲ್ಲ. ಮಳೆಗಾಲ ಬಂದರೆ ಆಕೆ ಮಲಗುತ್ತಿದ್ದದ್ದು ಅಪ್ಪನ ತಮ್ಮ ಕಾಕಾನ ಕಾರಿನಲ್ಲಿ. ಈ ಮಾತನ್ನು ಪುಣೆ ಕಡೆಯ ನೆಂಟರಿಗೆ ಹೇಳಿದರೆ ನಗುತ್ತಿದ್ದರು. ಭೂಕಂಪ ಕಂಡ ಉಮರ್ಗಾ, ನಿಲಂಗಾ ಕಡೆಯವರು ನಗುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಬರುತ್ತದೋ ಇಲ್ಲವೋ ಎಂದು ಕೇಳುತ್ತಿದ್ದರು. ನಸುಕಿನ ಆ ಭೂಕಂಪದ ನಂತರ ನಮ್ಮ ಕಡೆ ಒಬ್ಬೊಬ್ಬರಿಗೆ ಒಂದೊಂದು ರೂಢಿ ಬಿದ್ದಿತ್ತು. ಪಕ್ಕದ ಓಣಿಯ ಹಿರಿಯರೊಬ್ಬರು ಹೊರಸಿನ ಕಾಲಿಗೆ ಎತ್ತಿನ ಗೆಜ್ಜೆ ಕಟ್ಟಿ ಮಲಗುತ್ತಿದ್ದರು, ನೆಲ ಅಲುಗಿದರೆ ಎಚ್ಚರವಾಗಲಿ ಎಂದು. ಇನ್ನೊಂದು ಮನೆಯವರು ಬಾಗಿಲ ಅಗಳಿಯನ್ನೇ ಕಿತ್ತು ಒಲೆಗೆ ಹಾಕಿದ್ದರು. ಇಂಥವರ ನಡುವೆ ಕಾರಿನಲ್ಲಿ ಮಲಗುವ ಮುದುಕಿ ಏನು ದೊಡ್ಡ ಮಾತು.

ಅತ್ತಿಯ ಮೇಲೆ ಬಿದ್ದದ್ದು ನಮ್ಮ ಹಳೆಯ ಮಾಳಿಗೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ಪ್ರತಿ ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹೊತ್ತು ಹೊತ್ತು ಭಾರವಾದ ಮಾಡು. ಅಪ್ಪ ಮತ್ತು ಕಾಕಾ ಬರಿಗೈಯಿಂದ ಮಣ್ಣು ತೋಡಿ ಆಕೆಯನ್ನು ಹೊರಗೆ ಎಳೆದರು. ಒಂದು ಎಲುಬೂ ಮುರಿದಿರಲಿಲ್ಲ. ಆಮೇಲೆ ನಮಗೆ ಮೊದಲು ತಗಡಿನ ಶೆಡ್ಡು, ಬಹಳ ದಿನಗಳ ಮೇಲೆ ಸಿಮೆಂಟಿನ ಮನೆ ಸಿಕ್ಕಿತು. ಅತ್ತಿ ಎರಡರಲ್ಲೂ ಅಡುಗೆ ಮಾಡಿದಳು, ಮಲಗಲಿಲ್ಲ. ಬೇಸಿಗೆಗೆ ಚಳಿಗೆ ಅಂಗಳದ ಬೇವಿನ ಗಿಡದ ಕೆಳಗೆ ಹೊರಸು, ಮಳೆಗೆ ಕಾರು. ಕಾರೇ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ.

“ಮನಿ ನಿಂದ್ರಲಾಕ ಕಟ್ಟಿದ್ದು, ಅಲಗಾಡಿದ್ರ ಬೀಳ್ತದ,” ಎಂದಳು. “ಇದು ಅಲಗಾಡಲಾಕೇ ಮಾಡಿದ್ದು. ಇದಕ್ಕೇನಾಗ್ತದ?”

ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ನನ್ನ ಕನ್ನಡವೆಲ್ಲ ಅತ್ತಿ ಮತ್ತು ನಮ್ಮ ಅಜ್ಜ, ಮುತ್ಯಾನ ಬಾಯಿಂದ ಬಂದದ್ದು, ಅಕ್ಷರಗಳನ್ನು ದೊಡ್ಡವನಾದ ಮೇಲೆ ಕಲಿತೆ. ಹಾಗಾಗಿ ಈ ವಾದಕ್ಕೆ ಎದುರು ಹೇಳಲು ನನ್ನ ಹತ್ತಿರ ಮಾತೇ ಇರಲಿಲ್ಲ; ಇದ್ದ ಮಾತೆಲ್ಲ ಆಕೆ ಕೊಟ್ಟದ್ದು.

ಕಾರು ಹಳೆಯದು, ದುಂಡು ಮೈಯದು, ಬಿಳಿ ಬಣ್ಣ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಕಾಕಾ ಹಗಲು ಅದರಲ್ಲಿ ಜನರನ್ನು ಕೂಡಿಸಿಕೊಂಡು ನಿಲಂಗಾಕ್ಕೆ, ಉದಗೀರಕ್ಕೆ ಹೋಗುತ್ತಿದ್ದ. ಮಳೆಗಾಲದಲ್ಲಿ ಮಾತ್ರ ಎಂಥ ಬಾಡಿಗೆ ಇದ್ದರೂ ದೀಪ ಹಚ್ಚುವ ಹೊತ್ತಿಗೆ ಅಂಗಳಕ್ಕೆ ಬಂದು ನಿಲ್ಲಬೇಕು. ಉದಗೀರದ ಸ್ಟ್ಯಾಂಡಿನಲ್ಲಿ ಉಳಿದ ಡ್ರೈವರುಗಳು ಅವನನ್ನು ಕಾಡುತ್ತಿದ್ದರು: “ನಿನ್ನ ಗಾಡಿ ಏನು ಹೊಸ ಸೊಸಿ ಏನೋ ಮಾರಾಯಾ, ಹೊತ್ತ ಮುಳಗೂದ್ರಾಗ ಮನಿ ಸೇರ್ಬೇಕು ಅಂತದ.” ಕಾಕಾ ನಕ್ಕು ಗೇರು ಹಾಕುತ್ತಿದ್ದ. ತಾನೇ ಮಣ್ಣಿನಿಂದ ಎಳೆದು ತಂದ ಅಕ್ಕ. ಆಕೆಯ ನಿದ್ದೆ ತನ್ನ ಪಾಲಿನ ಕೆಲಸ ಎಂದು ಅವನು ತಿಳಿದಿದ್ದ.

ಹೀಗೆ ಕೆಲವು ಮಳೆಗಾಲ ಸುಖವಾಗಿ ಹೋದವು. ಆಮೇಲಿನ ಒಂದು ವರ್ಷ, ಮೃಗಶಿರಾ ಮಳೆ ಎರಡು ಸಲ ಹೊಡೆದ ಮೇಲೆ, ಅತ್ತಿಯ ಕೌದಿ ಬೆಳಗ್ಗೆ ತಂತಿಯ ಮೇಲೆ ಒಣಗುತ್ತಿರುವುದನ್ನು ಕಂಡೆ. ಕಾರಿನ ನೆಲದ ಮ್ಯಾಟು ಒತ್ತಿದರೆ ಪಿಚಕ್ಕೆಂದು ನೀರು ಬರುತ್ತಿತ್ತು. ಅತ್ತಿ ಯಾರಿಗೂ ಹೇಳದೆ ಕಾಲು ಮೇಲಿಟ್ಟುಕೊಂಡು ಕೂತೇ ಎರಡು ರಾತ್ರಿ ಕಳೆದಿದ್ದಳು. ಕೆಮ್ಮು ಹತ್ತಿತ್ತು. ಉಮರ್ಗಾದ ಡಾಕ್ಟರು ಎದೆಗೆ ನಳಿಗೆ ಇಟ್ಟು ನೋಡಿ, ಔಷಧ ಕೊಡುತ್ತೇನೆ, ಆದರೆ ಒಣಗಿದ ಜಾಗದಲ್ಲಿ ಮಲಗಿಸದಿದ್ದರೆ ಉಪಯೋಗವಿಲ್ಲ ಎಂದರು.

ಅಪ್ಪ ಹೊಸ ಮನೆಯಲ್ಲಿ ಗಾದಿ ಹಾಸಿ ಕರೆದ. ಅತ್ತಿ ಬಂದಳು, ಇಲ್ಲ ಎನ್ನಲಿಲ್ಲ. ಹೊಸ್ತಿಲ ಹತ್ತಿರ ಬೆನ್ನು ಹೊರಗೆ ಮಾಡಿ ಕೂತಳು. ಮುಖದ ಮೇಲೆ ಬೆವರು ಇಳಿಯುತ್ತಿತ್ತು, ಒಂದು ಕೈ ಚೌಕಟ್ಟನ್ನು ಹಿಡಿದಿತ್ತು. ಸ್ವಲ್ಪ ಹೊತ್ತಿಗೆ ಎದ್ದು ಸುಮ್ಮನೆ ಹೊರಗೆ ಹೋದಳು. ಅಪ್ಪ ಮತ್ತೆ ಕರೆಯಲಿಲ್ಲ. ಕಾಕಾ ಸಿಟ್ಟಿನಿಂದ, “ಗಾಡಿ ಮಾರಿ ಬಿಡ್ತೀನಿ ಅಕ್ಕಾ, ಆಗರೇ ಒಳಗ ಬರ್ತಿ,” ಎಂದ.

“ಮಾರು. ಬೇವಿನ ಗಿಡ ಯಾವಾಗ ಮಾರ್ತಿ ಅದೂ ಹೇಳು.”

ಕಾಕಾ ಉದಗೀರಕ್ಕೆ ಹೋದವನು ಕಿಟಕಿಯ ಗಾಜಿಗೆ ಹೊಸ ರಬ್ಬರ್ ಪಟ್ಟಿ ತಂದ. ಹಳೆಯದನ್ನು ಕಿತ್ತು ಅವನೂ ನಾನೂ ಸೇರಿ ಹೊಸದನ್ನು ಕೂಡಿಸಿದೆವು. ಮರುದಿನ ಮತ್ತೆ ಮಳೆ, ಮತ್ತೆ ನೆಲವೆಲ್ಲ ನೀರು. ಅದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು. ಮಳೆ ನಿಂತ ಮೇಲೆ ಕಾಕಾ ಬಾಗಿಲನ್ನು ಜೋರಾಗಿ ಮುಚ್ಚಿದ; ಅದರ ಹೊಟ್ಟೆಯೊಳಗೆ ಗುಳುಗುಳು ಎಂದು ಏನೋ ಹೊರಳಿತು. ಅತ್ತಿ ಒಳಗೆ ಕೂತಿದ್ದಳು. ಸೀಟಿಗೆ ಒರಗಿದ್ದ ತಲೆಯನ್ನು ಮೆಲ್ಲಗೆ ಎತ್ತಿದಳು.

“ನೆಲ ಅಲಗಾಡೋಕಿಂತ ಮೊದಲ ಒಳಗ ಹಿಂಗೇ ಸಪ್ಪಳ ಆಗಿತ್ತು,” ಎಂದಳು.

ಕೌದಿ ಸುತ್ತಿಕೊಂಡು ಇಳಿದು ಬೇವಿನ ಬುಡಕ್ಕೆ ಹೋಗಿ ಕೂತಳು. ಮೇಲೆ ಕಪ್ಪು ಮೋಡ ಕೂಡುತ್ತಿತ್ತು. ಇನ್ನು ಆಕೆಗೆ ಮನೆಯೂ ಇಲ್ಲ, ಕಾರೂ ಇಲ್ಲ. ಮಳೆಗಾಲ ಇನ್ನೂ ಪೂರಾ ಮುಂದಿತ್ತು.

ಆ ರಾತ್ರಿ ಮೋಡ ಸುರಿಯದೆ ಸರಿದು ಹೋಯಿತು, ಮರುದಿನ ಬಿಸಿಲು ಬಿತ್ತು. ಕಾಕಾ ಅಂದಿನ ಬಾಡಿಗೆ ಬಿಟ್ಟ, ನಾನು ಕೆಲಸ ಮಾಡುತ್ತಿದ್ದ ಬೀಜ ಗೊಬ್ಬರದ ಅಂಗಡಿಗೆ ರಜೆ ಹೇಳಿ ಕಳಿಸಿದೆ. ಬಾಗಿಲನ್ನೇ ಬಿಚ್ಚಿ ನೋಡೋಣ ಎಂದು ಕೂತೆವು. ಇಬ್ಬರೂ ಎಂದೂ ಬಿಚ್ಚಿದವರಲ್ಲ. ಗಾಜು ಇಳಿಸುವ ಹ್ಯಾಂಡಲಿನ ಹಿಂದೆ ಒಂದು ಸಣ್ಣ ಪಿನ್ನು ಅಡಗಿ ಕೂತಿದೆ ಎಂದು ತಿಳಿಯುವಷ್ಟರಲ್ಲಿ ಕಾಕಾನ ಬೆರಳು ರಕ್ತವಾಗಿತ್ತು. ರೆಕ್ಸಿನ್ ಹೊದಿಸಿದ ರಟ್ಟನ್ನು ಸುತ್ತಲೂ ಮೆಲ್ಲಗೆ ಎಬ್ಬಿಸಿ ತೆಗೆದೆವು. ಅದರ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು, ಹರಿದು ಚಿಂದಿಯಾಗಿತ್ತು. ಅದನ್ನು ಸರಿಸಿದರೆ ಉಕ್ಕಿನಲ್ಲಿ ಕೈ ಹೋಗುವಷ್ಟು ದೊಡ್ಡ ಕಿಂಡಿಗಳು, ಅದರಾಚೆ ಕತ್ತಲೆ.

ಟಾರ್ಚು ಹಾಕಿ ನೋಡಿದೆ. ಇಷ್ಟು ವರ್ಷ ಬಾಗಿಲು ಎಂದರೆ ಒಂದು ದಪ್ಪ ಹಲಗೆ ಎಂದುಕೊಂಡಿದ್ದೆ. ಒಳಗೆ ಒಂದು ಕೋಣೆಯೇ ಇತ್ತು. ಗಾಜು ಇಳಿದು ನಿಲ್ಲುವ ಜಾಗ, ಅದನ್ನು ಹೊರುವ ಕತ್ತರಿಯಂಥ ಕೈಗಳು, ತಳದಲ್ಲಿ ಒಂದು ಉದ್ದನೆಯ ಕಾಲುವೆ. ಕಾಲುವೆಯ ತುಂಬ ಕಂದು ನೀರು, ಕಿಂಡಿಯ ಅಂಚಿನವರೆಗೆ. ಗುಳುಗುಳು ಎಂದದ್ದು ಇದೇ. ಇನ್ನೊಂದು ಹನಿ ಬಂದರೆ ಅದು ಅಂಚು ದಾಟಿ ಅತ್ತಿಯ ಕಾಲಬಳಿ ಇಳಿಯಬೇಕು.

ಆ ನೀರಿನ ಅಂಚಿನಲ್ಲಿ, ಕೆಸರು ಒಟ್ಟಿದ ಕಡೆ, ಬೆಳ್ಳಗಿನ ಏನೋ ನಿಂತಿತ್ತು. ನಾನು ಹುಳ ಎಂದುಕೊಂಡೆ. ಕಾಕಾ ಕಣ್ಣು ಕಿರಿದು ಮಾಡಿ ನೋಡಿ, “ತೊಗರಿ,” ಎಂದ. ಯಾರದೋ ಚೀಲದಿಂದ ಗಾಜಿನ ಸಂದಿಯಲ್ಲಿ ಉದುರಿದ ಕಾಳು, ಉಕ್ಕಿನ ಕತ್ತಲೆಯಲ್ಲಿ ಮೊಳೆತು, ರಕ್ತವಿಲ್ಲದ ಮೊಳಕೆ ಒಂದು ಸ್ಕ್ರೂವಿನ ತೂತಿನ ಬೆಳಕಿನ ಕಡೆಗೆ ಕತ್ತು ಬಾಗಿಸಿತ್ತು. ಗಂಟೆಗೆ ಅಷ್ಟು ದೂರ ಓಡುವ ಬಾಗಿಲೊಳಗೆ, ನಿಲಂಗಾ ಉದಗೀರ ಎಲ್ಲ ತಿರುಗುತ್ತ, ಅದು ಬೇರು ಬಿಟ್ಟಿತ್ತು. ನಾವಿಬ್ಬರೂ ರೈತರ ಮಕ್ಕಳು. ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದು ನೋಡಿದೆವು.

ನೀರು ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕಿತ್ತು. ನಾನು ಹೊರಗಿನಿಂದ ತಂಬಿಗೆಯಲ್ಲಿ ಗಾಜಿನ ಮೇಲೆ ಸುರಿದೆ, ಕಾಕಾ ಒಳಗಿನಿಂದ ಟಾರ್ಚು ಹಿಡಿದ. ಹೊಸ ರಬ್ಬರ್ ಪಟ್ಟಿ ಇದ್ದರೂ ನೀರಿನ ಒಂದು ತೆಳು ಪರದೆ ಗಾಜಿನ ಜೊತೆ ಒಳಗಿಳಿಯಿತು.

“ಪಟ್ಟಿ ಸುಳ್ಳೇ ತಂದ್ಯಾ ಏನು?” ಎಂದೆ.

“ಸುಳ್ಳಲ್ಲೋ. ಕಿಡಕಿ ಕಾಚು ಮ್ಯಾಲ ಕೆಳಗ ಆಡಬೇಕಂದ್ರ ಸಂದಿ ಇರಬೇಕು. ಸಂದಿ ಇದ್ರ ನೀರ ಬರ್ತದ.” ಅವನು ಹೇಳುತ್ತ ಹೇಳುತ್ತ ತಾನೇ ನಿಂತ. “ಅಂದ್ರ ಮಾಡಿದಂವಗ ಇದು ಗೊತ್ತಿತ್ತು. ಗೊತ್ತಿದ್ದೇ ಬಿಟ್ಟಾನ.”

ಆ ಕ್ಷಣದ ಬೆರಗು ನನಗೆ ಇಂದಿಗೂ ಹೋಗಿಲ್ಲ. ಯಾವ ದೇಶದಲ್ಲಿ ಯಾರು ಕೂತು ಯೋಚಿಸಿದರೋ. ಮಳೆಯನ್ನು ತಡೆಯುತ್ತೇನೆ ಎಂದು ಅವರು ಹಟ ಹಿಡಿದಿಲ್ಲ. ಬಾ ಎಂದಿದ್ದಾರೆ, ಒಳಗೆ ಅದಕ್ಕೊಂದು ಹಾದಿ ಮಾಡಿದ್ದಾರೆ, ಮನುಷ್ಯರ ಕಡೆಗೆ ಒಂದು ಹಾಳೆಯ ಮರೆ ಕಟ್ಟಿದ್ದಾರೆ. ಹಾಗಾದರೆ ಹೊರಗೆ ಹೋಗುವ ಹಾದಿಯೂ ಇರಲೇಬೇಕು. ಕಾಕಾ ನೀರಿಗೆ ಕೈ ಹಾಕಿ ಕಾಲುವೆಯ ತಳವನ್ನು ಸವರಿದ. ಅವನ ಮುಖ ಬದಲಾಯಿತು. ಕೈ ತೆಗೆದಾಗ ಉಗುರಿಗೆ ಕಪ್ಪು ಹತ್ತಿತ್ತು. ಮೂಸಿ ನೋಡಿದ.

“ಡಾಂಬರ. ನಾನೇ ಹಚ್ಚಿದ್ದು.”

ಶೆಡ್ಡಿನಲ್ಲಿ ಇದ್ದು ಬಂದವರಿಗೆ ಮಾತ್ರ ಇದು ಅರ್ಥವಾದೀತು. ತಗಡಿಗೆ ಹೊಡೆದ ಪ್ರತಿ ಮೊಳೆಯ ತೂತೂ ಸೋರುತ್ತಿತ್ತು. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಗೊತ್ತಿರದ ಗಂಡಸರಿಗೂ ಡಾಂಬರಿನ ಡಬ್ಬಿ ಎಲ್ಲಿದೆ ಎಂದು ಗೊತ್ತಿತ್ತು. ತೂತು ಕಂಡರೆ ಕೈ ತಾನೇ ಹೋಗಿ ಮುಚ್ಚುತ್ತಿತ್ತು. ನಮ್ಮ ಇಡೀ ಸೀಮೆಗೆ ಆ ಕೈಚಟ ಹತ್ತಿತ್ತು. ಆ ಮಳೆಗಾಲಕ್ಕೆ ಮುಂಚಿನ ಬೇಸಿಗೆಯಲ್ಲಿ ಕಾರಿನ ಸೀಟಿನ ಕೆಳಗೆ ಒಂದು ಚೇಳು ಕಂಡಿತ್ತಂತೆ. ಅಕ್ಕನಿಗೆ ಕಡಿದೀತೆಂದು ಕಾಕಾ ಕಾರಿನ ಅಡಿಗೆ ಮಲಗಿ ನೋಡಿದ್ದಾನೆ. ನಾಲ್ಕೂ ಬಾಗಿಲುಗಳ ತಳದಲ್ಲಿ ಸಣ್ಣ ಸಣ್ಣ ಸೀಳುಗಳು ಕಂಡಿವೆ. ಒಂದನ್ನೂ ಬಿಡದೆ ಮುಚ್ಚಿದ್ದಾನೆ.

ಬೇವಿನ ಬುಡದಿಂದ ಅತ್ತಿ ಎಲ್ಲ ಕೇಳಿಸಿಕೊಂಡಿದ್ದಳು. “ಪಾಪ, ಚೇಳಿಗಿ ಹೆದರಿ ಕೆರಿ ಕಟ್ಟ್ಯಾನ ನಮ್ಮ ತಮ್ಮ,” ಎಂದಳು. ಕಾಕಾ ತಲೆ ಎತ್ತಲಿಲ್ಲ, ಆದರೆ ಅವನ ಭುಜ ನಗೆಗೆ ಅಲುಗುವುದು ಕಂಡಿತು.

ಸೈಕಲ್ಲಿನ ಕಡ್ಡಿಯನ್ನು ಒಲೆಯಲ್ಲಿ ಕಾಯಿಸಿ ಕೆಳಗಿನಿಂದ ಚುಚ್ಚಿದ. ಮೊದಲ ಸೀಳು ಬಿಚ್ಚಿದ್ದೇ ತಡ, ನೀರು ಅವನ ತೋಳಿನ ಮೇಲೆ ಧಾರೆ ಇಳಿಯಿತು. ಕೆಸರು, ಬೇವಿನೆಲೆ, ಒಡೆದ ಬಳೆಯ ಚೂರು, ಹುಣಸೆಬೀಜ, ನಮ್ಮ ಗಡಿನಾಡಿನ ಪಯಣಿಗರೆಲ್ಲ ಗಾಜಿನ ಸಂದಿಗೆ ಕೊಟ್ಟ ಕಾಣಿಕೆ ಒಂದೊಂದಾಗಿ ಹೊರಗೆ ಬಂತು. ತೊಗರಿಯ ಮೊಳಕೆಯನ್ನು ಕಾಕಾ ಮೊದಲೇ ಎತ್ತಿ ಒದ್ದೆ ಅರಿವೆಯಲ್ಲಿ ಇಟ್ಟಿದ್ದ.

ಹರಿದ ಹಾಳೆಗೆ ಬದಲು ನಮ್ಮ ಅಂಗಡಿಯ ಗೊಬ್ಬರದ ಚೀಲದ ಒಳಗಿನ ದಪ್ಪ ಪ್ಲಾಸ್ಟಿಕ್ಕನ್ನು ತೊಳೆದು ಕತ್ತರಿಸಿದೆವು. ಸುತ್ತಲೂ ಅಂಟಿಸಿ ನೀರು ಸುರಿದರೆ ಮತ್ತೆ ನೆಲಕ್ಕೆ ಇಳಿಯಿತು. ಹಾಳೆಯ ಮೇಲೆ ಸಿಡಿದ ಹನಿಗಳು ಅದರ ಕೆಳಗಿನ ಅಂಚಿಗೆ ಬಂದು ನಮ್ಮ ಕಡೆಗೇ ಜಾರುತ್ತಿದ್ದವು. ಕಾಕಾ ಹಣೆ ಒರೆಸಿಕೊಂಡು ಅಂಗಳದಲ್ಲಿ ಉಳಿದಿದ್ದ ಹಳೆಯ ಶೆಡ್ಡಿನ ತಗಡಿನ ಕಡೆ ನೋಡಿದ.

“ಪತ್ರಾ ಹಾಕೋ ಮುಂದ ಏನ್ ಮಾಡ್ತಿದ್ವಿ? ಮ್ಯಾಲಿಂದು ಕೆಳಗಿಂದರ ಮ್ಯಾಲ ಬರಬೇಕು. ನೀರ ಯಾಕಡಿ ಹೋಗಬೇಕೋ ಆಕಡಿ ತುದಿ ಇಡಬೇಕು.”

ಹಾಳೆಯ ಕೆಳತುದಿಯನ್ನು ಬಿಡಿಸಿ ಕಿಂಡಿಯೊಳಗೆ, ಬಾಗಿಲ ಹೊಟ್ಟೆಗೇ ಇಳಿಬಿಟ್ಟೆವು. ಸೀರೆಯ ಸೆರಗು ಸಿಗಿಸಿದಷ್ಟು ಸಣ್ಣ ಕೆಲಸ. ಈಗ ಸುರಿದರೆ ಹನಿಗಳೆಲ್ಲ ಹಾಳೆಯ ಮೇಲೆ ಓಡಿ ತಿರುಗಿ ಕಾಲುವೆಗೆ ಬೀಳುತ್ತಿದ್ದವು. ನಾನು ಮತ್ತೊಂದು ತಂಬಿಗೆ ಸುರಿದೆ, ಬೇಕಾಗಿರಲಿಲ್ಲ, ನೋಡುವ ಆಸೆಗೆ.

ಉಳಿದ ಬಾಗಿಲುಗಳನ್ನೂ ಅದೇ ರೀತಿ ಮಾಡಿ ಮುಗಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅತ್ತಿಯನ್ನು ಕರೆದೆವು. ಆಕೆ ಬರಲಿಲ್ಲ. “ಸಪ್ಪಳ ಹೋತೇನು?” ಎಂದು ಕೇಳಿದಳು. ಕಾಕಾ ಬಾಗಿಲನ್ನು ಎರಡು ಸಲ ಬಡಿದು ತೋರಿಸಿದ. ಒಣ ಸದ್ದು. ಆದರೂ, “ಮಳಿ ಬಂದ ಮ್ಯಾಲ ನೋಡಮು,” ಎಂದು ಹೊರಸಿನ ಮೇಲೆಯೇ ಕೂತಳು.

ಮಳೆ ಮಾರನೆಯ ಮಧ್ಯಾಹ್ನ ಬಂತು, ಕಾಸಾರಶಿರಸಿಯ ಕಡೆಯಿಂದ ಗೋಡೆಯಂತೆ ಎದ್ದು ಬಂತು. ಮೊದಲ ಹನಿಗಳಿಗೆ ಅತ್ತಿ ಕದಲಲಿಲ್ಲ. ಕಾಕಾ ಬಾಗಿಲು ತೆರೆದು ಹಿಡಿದು ನೆನೆಯುತ್ತ ನಿಂತ. “ನೀ ಯಾಕ ತೊಯಸ್ಕೊಳ್ಳಾಕತ್ತಿ, ಹುಚ್ಚಾ,” ಎಂದು ಗೊಣಗುತ್ತ, ಅವನ ಸಲುವಾಗಿ ಎಂಬಂತೆ, ಆಕೆ ಎದ್ದು ಬಂದು ಒಳಗೆ ಕೂತಳು. ನಾನು ಮುಂದಿನ ಸೀಟಿನಲ್ಲಿದ್ದೆ.

ಮಳೆ ಗಾಜಿಗೆ ಹೊಡೆಯಿತು. ಬಾಗಿಲೊಳಗೆ ಸಣ್ಣ ಸದ್ದು ಹುಟ್ಟಿತು, ಅಕ್ಕಿ ಕೇರಿದಂತೆ. ಅತ್ತಿಯ ಕೈ ಹ್ಯಾಂಡಲಿಗೆ ಹೋಯಿತು. ಇಳಿದೇ ಬಿಡುತ್ತಾಳೆ ಎಂದುಕೊಂಡೆ. ಇಳಿಯಲಿಲ್ಲ. ತಲೆ ಬಾಗಿಸಿ ರೆಕ್ಸಿನ್ನಿಗೆ ಕಿವಿ ಹಚ್ಚಿದಳು. ಆಕೆ ಕೈ ಇಳಿಸಿ ಕಾಲ ಬಳಿಯ ಮ್ಯಾಟನ್ನು ಮುಟ್ಟಿದಳು, ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಂಡಳು. ಒಣಗಿದ್ದವು. ಮತ್ತೆ ಕಿವಿ ಹಚ್ಚಿದಳು.

“ನಿಂದ್ರವಲ್ದು,” ಎಂದಳು ಮೆಲ್ಲಗೆ. “ಹೊಂಟದ. ನನ್ನ ಕಿವಿ ಬಾಜೂಕೇ ಹಳ್ಳ ಹೊಂಟದ, ನನಗೊಂದ್ ಹನಿ ಹತ್ತವಲ್ದು.”

ಕೌದಿ ಎಳೆದುಕೊಂಡಳು. ನಾನು ಸದ್ದಿಲ್ಲದೆ ಇಳಿದು ಕಾಕಾನ ಹತ್ತಿರ ಹೋದೆ. ಅವನು ಕೆಸರಿನಲ್ಲಿ ಮೊಣಕಾಲೂರಿ ಕಾರಿನ ಅಡಿಯನ್ನು ನೋಡುತ್ತಿದ್ದ. ಬಾಗಿಲುಗಳ ತಳದಿಂದ ದಾರದಂಥ ಧಾರೆಗಳು ಸಾಲಾಗಿ ಇಳಿಯುತ್ತಿದ್ದವು. ರಸ್ತೆಯಲ್ಲಿ ಗೋಣಿಚೀಲ ಹೊದ್ದು ಹೋಗುತ್ತಿದ್ದವನೊಬ್ಬ ಅದನ್ನು ಕಂಡು ನಿಂತು, ನಿಮ್ಮ ಗಾಡಿ ಸೋರುತ್ತಿದೆ ಎಂದು ಮರಾಠಿಯಲ್ಲಿ ಕೂಗಿ ಹೇಳಿದ.

ಕಾಕಾ ಹಿಂದಿನ ಗಾಜಿನ ಕಡೆ ಒಮ್ಮೆ ನೋಡಿದ. ಅತ್ತಿಯ ಉಸಿರಿಗೆ ಅದು ಮಬ್ಬಾಗಿತ್ತು. ಬಾಗಿಲಿಗೆ ಒರಗಿದ ನರೆತ ತಲೆ ಮಾತ್ರ ಕಾಣುತ್ತಿತ್ತು, ಅಲುಗದೆ.

“ಸೋರಲಿ ಬಿಡಪಾ,” ಎಂದ ತಗ್ಗಿದ ದನಿಯಲ್ಲಿ. “ಸಾವಕಾಶ ಮಾತಾಡು. ಅಕ್ಕ ಮಲಗ್ಯಾಳ.”