ಬಚ್ಚಲುಮನೆಯಲ್ಲಿ ರೈಲುಬೋಗಿ

ಈ ವಾರ ತೋಟದ ಗೇಟಿಗೆ ಬಣ್ಣ ಹೊಡೆಸುತ್ತಿದ್ದೇವೆ. ಪೇಂಟರ್ ಜಗಲಿಯ ಮೇಲೆ ತಿನ್ನರ್ ಡಬ್ಬಿಯ ಮುಚ್ಚಳ ತೆಗೆದನೋ ಇಲ್ಲವೋ, ವಾಸನೆ ಅಡುಗೆಮನೆಗೆ ನುಗ್ಗಿತು. ನಾನು ಒಲೆಯ ಮೇಲಿದ್ದ ಹಾಲನ್ನೂ ಬಿಟ್ಟು, "ಮತ್ತೆ ಒಳಗೇ ಶುರು ಮಾಡಿದ್ರಾ?" ಎಂದು ಕೂಗುತ್ತಾ ಬಚ್ಚಲುಮನೆಯವರೆಗೂ ಹೋಗಿಬಿಟ್ಟೆ. ಬಾಗಿಲು ತೆರೆದೇ ಇತ್ತು. ಬಕೆಟ್ಟು, ಚೊಂಬು, ಒದ್ದೆ ನೆಲ... ಬೈಯುವುದಕ್ಕೆ ಯಾರೂ ಇರಲಿಲ್ಲ. ಮಾವ ತೀರಿಕೊಂಡು ಎರಡು ಮಳೆಗಾಲ ಕಳೆದಿವೆ.

ಮಲ್ಲಂದೂರಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅತ್ತೆ ಇರಲಿಲ್ಲ. ಮನೆಯಲ್ಲಿ ಮಾವ, ನನ್ನ ಗಂಡ, ಮತ್ತು ಚಿಕ್ಕಮಗಳೂರಿನ ಶಾಲೆಯೊಂದರಲ್ಲಿ ಟೀಚರಾಗಿದ್ದ ನಾದಿನಿ. ಮಾವ ತೋಟವನ್ನು ಮಗನಿಗೆ, ಮನೆಯನ್ನು ನನಗೆ ಒಪ್ಪಿಸಿ, "ಕಾಫಿ ಒಣಗ್ಸೋ ಕಣ ಕಾಯೋದು ನಂಗಿರ್ಲಿ" ಎಂದು ಒಂದೇ ಒಂದು ಕೆಲಸ ಉಳಿಸಿಕೊಂಡಿದ್ದರು. ಅದನ್ನೂ ಮಾಡಲಿಲ್ಲ. ಯಾಕೆಂದರೆ ಒಂದು ದಿನ ಫೋನಿನಲ್ಲಿ ಯಾರೋ ಹಿತ್ತಾಳೆಯ ತಗಡಿನಿಂದ ರೈಲುಬೋಗಿ ಮಾಡುವುದನ್ನು ನೋಡಿಬಿಟ್ಟರು. ಕೊರಿಯರಿನಲ್ಲಿ ತಗಡುಗಳು ಬಂದವು. ಕಿಟಕಿ, ಬಾಗಿಲು, ಮೆಟ್ಟಿಲು ಎಲ್ಲವೂ ಗೆರೆ ಕೊರೆದು ಬಂದಿದ್ದವು. ಬಿಡಿಸಿ, ಮಡಿಸಿ, ಬೆಸುಗೆ ಹಾಕಿದರೆ ಮೊಳದುದ್ದದ ಬೋಗಿ.

ಇದರ ಹಿಂದೆ ಏನಾದರೂ ಕಥೆ ಇರಬೇಕೆಂದು ನಾನೂ ಮೊದಮೊದಲು ಮರುಗಿದ್ದೆ.

"ಅತ್ತೆ ಜೊತೆ ಇಂಥದ್ರಲ್ಲಿ ಹೋಗಿದ್ರಾ ಮಾವ?"

"ಇಲ್ಲ ಮಾರಾಯ್ತಿ. ಅವಳಿಗೆ ರೈಲು ಹತ್ತಿದ್ರೆ ವಾಂತಿ. ಚಂದ ಇದ್ಯಲ್ಲ, ಅದಕ್ಕೇ."

ಅಷ್ಟೇ ಕಾರಣ. ಅಷ್ಟಕ್ಕೇ ಆ ಮಳೆಗಾಲ ಪೂರ್ತಿ ಊಟದ ಮೇಜು ಅವರದ್ದಾಯಿತು. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ಬೆಸುಗೆಯ ಜಿಡ್ಡು ತೆಗೆಯಲು ನನ್ನ ಹುಣಸೆಹಣ್ಣು ಹೋಯಿತು, ಉಜ್ಜಲು ನನ್ನ ಹಲ್ಲುಜ್ಜುವ ಬ್ರಷ್ಷು ಹೋಯಿತು. ಅಕ್ಕಿಕಾಳಿನಷ್ಟೂ ಇಲ್ಲದ ಬಾಗಿಲ ಹಿಡಿಕೆ ಕೈಜಾರಿದರೆ ಎಲ್ಲರೂ ಮೇಜಿನಡಿ ತೆವಳಬೇಕಿತ್ತು. ಒಂದು ಹಿಡಿಕೆ ನನ್ನ ಗಂಡನ ಉಪ್ಪಿಟ್ಟಿನಲ್ಲಿ ಸಿಕ್ಕಿತು. ಅವರು ಕೆನ್ನೆ ಹಿಡಿದುಕೊಂಡು ಕೂತಿದ್ದರೆ ಮಾವ ಕೇಳಿದ್ದು, "ಬಗ್ಗಿಲ್ಲ ತಾನೇ?" ಎಂದು. ಹಲ್ಲನ್ನಲ್ಲ, ಹಿಡಿಕೆಯನ್ನು!

ಬೋಗಿ ಪೂರ್ತಿಯಾದಾಗ ಮಾತ್ರ ನಾನೂ ಬಗ್ಗಿ ನೋಡಿದೆ. ಕಿಟಕಿಯ ಸರಳುಗಳು ಕೂಡ ಒಂದಕ್ಕೊಂದು ಸಮವಾಗಿ ನಿಂತು ಥಳಥಳಿಸುತ್ತಿದ್ದವು. "ಹೀಗೇ ಇರ್ಲಿ ಮಾವ, ಎಷ್ಟು ಲಕ್ಷಣವಾಗಿದೆ" ಎಂದೆ. "ಹಿತ್ತಾಳೆ ಬಣ್ಣದ ರೈಲು ಎಲ್ಲಾದ್ರೂ ನೋಡಿದ್ಯಾ?" ಎಂದು ನನ್ನನ್ನೇ ಗದರಿದರು.

ನಿಜವಾದ ಗೋಳು ಶುರುವಾಗಿದ್ದು ಬಣ್ಣದಿಂದ. ಪೆನ್ನಿನಂಥ ಒಂದು ಸ್ಪ್ರೇ ಗನ್ನು ತರಿಸಿದ್ದರು. ಮಳೆ ಇರುವಾಗ ಹೊಡೆದರೆ ಕಡುಗೆಂಪು ಬಣ್ಣ ಬೂದಿ ಹಿಡಿದಂತೆ ಬೆಳ್ಳಗಾಗುತ್ತಿತ್ತು. ಮಳೆ ನಿಂತಿತೋ, ಕುಯ್ಲು ಶುರು. ಜೀಪು, ಕಣ, ಓಡಾಟ, ಮೂಗು ಬಾಯಿಗೆಲ್ಲ ಧೂಳು. ಹಸಿ ಬಣ್ಣದ ಮೇಲೆ ಒಂದು ಕಣ ಧೂಳು ಕೂತರೂ ಮಾವ ಬೋಗಿಯನ್ನು ತಿನ್ನರಿನಲ್ಲಿ ಅದ್ದಿ, ತಿಕ್ಕಿ, ಮತ್ತೆ ಬೋಳು ಹಿತ್ತಾಳೆಗೆ ತರುತ್ತಿದ್ದರು. ಎಷ್ಟು ಸಲ ಹಾಗೆ ಮಾಡಿದರೋ... ಲೆಕ್ಕ ಇಟ್ಟಿದ್ದರೆ ನನಗೇ ಹುಚ್ಚು ಹಿಡಿಯುತ್ತಿತ್ತು.

ಕೊನೆಗೆ ಇಡೀ ಮನೆಯಲ್ಲಿ ಧೂಳಿಲ್ಲದ ಜಾಗ ಬಚ್ಚಲುಮನೆ ಎಂಬುದನ್ನು ಕಂಡುಹಿಡಿದರು. ನೆಲಕ್ಕೆ ನೀರು ಚಿಮುಕಿಸಿ, ಬಾಗಿಲು ಹಾಕಿಕೊಂಡು ಬಣ್ಣ ಹೊಡೆಯುವುದು. ಒಣಗುವ ತನಕ ಯಾರನ್ನೂ ಬಿಡದಿರುವುದು. ಮನೆಗೆ ಇರುವುದು ಒಂದೇ ಬಚ್ಚಲು. ಕುಯ್ಲಿನ ಮೈಮಣ್ಣಿನಲ್ಲಿ ಬಂದ ನನ್ನ ಗಂಡ ಪಂಪ್‌ಹೌಸಿನ ಹತ್ತಿರ ಕೊಡದಲ್ಲಿ ಮಿಂದರು. ನಾನು ಪಕ್ಕದ ತೋಟದವರ ಮನೆಗೆ ಸೀರೆ ಹೊತ್ತುಕೊಂಡು ಹೋದೆ. "ಒಳಗೆ ರೈಲು ಇದ್ಯಾ?" ಎಂದು ಅವರು ನಗುತ್ತಿದ್ದರು. ಅವರಿಗೇನು, ನಗು ಬರುತ್ತದೆ.

ಹೀಗಿರುವಾಗ ನಾದಿನಿಯನ್ನು ನೋಡಲು ಬಾಳೂರಿನ ಕಡೆಯವರು ಬರುವುದೆಂದಾಯಿತು. ಹುಡುಗನನ್ನು ಅವಳು ಮೊದಲೇ ಮಾತನಾಡಿಸಿದ್ದಳು, ಮೆಚ್ಚಿಕೊಂಡೂ ಇದ್ದಳು. "ಆವತ್ತೊಂದು ದಿನ ಬಚ್ಚಲು ಬಿಟ್ಕೊಡಿ ಅಪ್ಪ" ಎಂದು ಕೈಮುಗಿದು ಕೇಳಿದಳು. ಮಾವ ಹೂಂ ಎಂದರು. ಆದರೆ ಆ ದಿನ ಬೆಳಗ್ಗೆ ಗಾಳಿಯೇ ಇರಲಿಲ್ಲವಂತೆ. ಎಲೆ ಅಲುಗಲಿಲ್ಲವಂತೆ. ಅಂಥ ದಿನ ಮತ್ತೆ ಸಿಗುವುದಿಲ್ಲವಂತೆ. ನಾನು ಕೇಸರಿಬಾತಿಗೆ ತುಪ್ಪ ಹಾಕುತ್ತಿದ್ದಾಗ ಗನ್ನಿನ ಬುಸುಬುಸು ಸದ್ದು ಕೇಳಿಸಿತು.

ಬಂದವರಲ್ಲಿ ಹುಡುಗನ ಅಜ್ಜಿ ಇದ್ದರು. ತಿರುವು ದಾರಿಯಲ್ಲಿ ಜೀಪಿನಲ್ಲಿ ಬಂದು ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಮುಖ ತೊಳೆಯಲೆಂದು ಯಾರನ್ನೂ ಕೇಳದೆ ಎದ್ದು ಹೋಗಿ ಬಚ್ಚಲಿನ ಬಾಗಿಲು ತಳ್ಳಿದರು.

"ಏಯ್! ಹಾಕಿ ಬಾಗ್ಲು! ಧೂಳು, ಧೂಳು!" ಮಾವನ ಗಂಟಲು ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ಅಂಗಳಕ್ಕೆ ಓಡಿ, ದಾಸವಾಳದ ಗಿಡದ ಬುಡದಲ್ಲಿ ವಾಂತಿ ಮಾಡಿಕೊಂಡರು. ಆಮೇಲೆ ಒಳಗೆ ಬರಲೇ ಇಲ್ಲ. ಕಾಫಿ ಲೋಟಗಳು ತಂದಂತೆಯೇ ಉಳಿದವು. ಎರಡು ದಿನ ಬಿಟ್ಟು ಸಂಬಂಧಿಕರೊಬ್ಬರ ಮೂಲಕ ಮಾತು ಬಂತು: ಹೆಣ್ಣು ಒಳ್ಳೆಯವಳು, ಮನೆ ಸರಿ ಇಲ್ಲ.

ನಾದಿನಿ ಅಪ್ಪನೊಡನೆ ಮಾತು ಬಿಟ್ಟಳು. ಮಾವ ಯಾರಿಗೂ ಹೇಳದೆ ಬಸ್ಸು ಹಿಡಿದು ಬಾಳೂರಿಗೆ ಹೋಗಿ ಅಜ್ಜಿಯ ಕ್ಷಮೆ ಕೇಳಿ ಬಂದರು. ಸಂಜೆ ಚಪ್ಪಲಿ ಬಿಡುತ್ತಾ ನನ್ನ ಹತ್ತಿರ, "ಅಜ್ಜಿ ಒಳ್ಳೆಯವ್ರು. ಊಟ ಹಾಕಿದ್ರು. ಹುಡುಗನ್ನ ಮಾತ್ರ ಕೊಡಲ್ಲ ಅಂದ್ರು" ಎಂದರು. ಬೋಗಿಯನ್ನು ಹಳೆ ಬನಿಯನ್ನಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು.

ಇನ್ನಾದರೂ ನೆಮ್ಮದಿ ಎಂದುಕೊಂಡೆ. ಎಲ್ಲಿಯ ನೆಮ್ಮದಿ! ಕಣ ಕಾಯುವವರು ನಿಜವಾಗಿಯೂ ಕಣ ಕಾಯತೊಡಗಿದರು. ಬೆಳಗಿನಿಂದ ಸಂಜೆಯವರೆಗೆ ಅದೇ ಕುರ್ಚಿ. ಕರೆದರೆ ಊಟಕ್ಕೆ ಬರುವುದು, ಹಾಕಿದ್ದಷ್ಟನ್ನು ತಿನ್ನುವುದು. "ಉಪ್ಪು ಕಮ್ಮಿ ಆಯ್ತಾ ಮಾವ?" ಎಂದರೆ "ಸರಿ ಇದೆಯಮ್ಮ." ಬೈಯಲು ಒಂದು ಕಾರಣವನ್ನೂ ಕೊಡದ ಮನುಷ್ಯನ ಜೊತೆ ಬದುಕುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು.

ಒಂದು ಭಾನುವಾರ ನಾದಿನಿ ಅಟ್ಟದಿಂದ ಬನಿಯನ್ ಗಂಟನ್ನು ಇಳಿಸಿ ತಂದು ಅವರ ಮುಂದೆ ಇಟ್ಟಳು. ವಾರಗಳ ಮೇಲೆ ಆಡಿದ ಮೊದಲ ಮಾತು ಅದು.

"ಮುಗ್ಸಿ ಇದನ್ನ."

"ಬೇಡ ಬಿಡು ಮಗಾ."

"ಎಂತ ಬೇಡ? ನನ್ನ ಮದುವೆ ತಪ್ಪಿದ್ದು ಅರ್ಧ ರೈಲಿಗಾ? ಪೂರ್ತಿ ಮಾಡಿ. ಆಮೇಲೆ ಬೇಕಾದಷ್ಟು ಜಗಳ ಆಡ್ತೀನಿ."

ಮಾವ ಗಂಟು ಬಿಚ್ಚಿದರು. ಮುಂದಿನ ರಜೆಯ ದಿನ ನಾದಿನಿ ಜೀಪಿನ ದಾರಿಗೆ ಪೈಪು ಹಿಡಿದು ನೀರು ಹೊಡೆದಳು. ನನ್ನ ಗಂಡ ಕಣದ ಕೆಲಸ ನಿಲ್ಲಿಸಿದರು. ಕುಯ್ಲಿನ ಹೆಂಗಸರು ಕೂಡ ಚಪ್ಪಲಿ ಕೈಯಲ್ಲಿ ಹಿಡಿದು ಹುಲ್ಲಿನ ಮೇಲೆ ಸುತ್ತಿಕೊಂಡು ಹೋದರು, ಒಳಗೆ ಹೆರಿಗೆ ಆಗುತ್ತಿದೆಯೇನೋ ಎಂಬಂತೆ. ನಾನು ಬಚ್ಚಲಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ, ಬೈದುಕೊಳ್ಳುತ್ತಲೇ.

ಈ ಸಲ ಬಣ್ಣ ಕನ್ನಡಿಯಂತೆ ಕೂತಿತು. ಅದು ಗಟ್ಟಿಯಾದ ಮೇಲೆ ಮಾವ ಕಿಟಕಿಗಳ ಕೆಳಗೆ ಉಸಿರು ಹಿಡಿದು ಹಳದಿ ಗೆರೆ ಎಳೆದರು. ನಾದಿನಿ ಮೊದಲ ಸಲ ನಕ್ಕಳು. ಮಾವ ಬೋಗಿಯನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಇನ್ನೊಮ್ಮೆ ತಿರುಗಿಸಿದರು.

"ಒಂದು ಕೂದಲು ಕೂತಿದೆ. ತಿನ್ನರ್ ತಾ."

ನಾನು ಹಣೆ ಚಚ್ಚಿಕೊಂಡೆ. ನಾದಿನಿ ಅವರ ಕೈಯಿಂದ ಬೋಗಿಯನ್ನು ಕಿತ್ತುಕೊಂಡು ಹೋಗಿ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಮುಂದೆ ಅವಳಿಗೆ ಜಾವಳಿಯಲ್ಲಿ ಮದುವೆಯಾಯಿತು. ಒಳ್ಳೆಯ ಹುಡುಗ, ಚೆನ್ನಾಗಿದ್ದಾರೆ. ಬೋಗಿ ಅವಳ ಸೀರೆಗಳ ನಡುವೆ ಅಲ್ಲಿಗೇ ಹೋಯಿತು. ಮಾವ ಮಗಳ ಮನೆಗೆ ಹೋದಾಗಲೆಲ್ಲ, "ಒಂದು ಕೂದಲು ಕಣೇ, ಒಂದೇ ದಿನದ ಕೆಲಸ" ಎನ್ನುವುದು. ಅವಳು, "ಕೊಟ್ರೆ ಮತ್ತೆ ಬೋಳಿಸ್ತೀರ" ಎನ್ನುವುದು. ಕೊನೆಯ ಸಲ ಆಸ್ಪತ್ರೆಯಿಂದ ಫೋನು ಮಾಡಿಸಿ ಕೇಳಿದಾಗಲೂ, "ಹುಷಾರಾಗಿ ಮನೆಗೆ ಬನ್ನಿ, ಕೊಡ್ತೀನಿ" ಎಂದಿದ್ದಳು. ಮಾವ ಬರಲಿಲ್ಲ...

ಹೋದ ತಿಂಗಳು ನಾನೂ ನನ್ನ ಗಂಡನೂ ಜಾವಳಿಗೆ ಹೋಗಿದ್ದೆವು. ನಾದಿನಿ ತಾನಾಗಿಯೇ ಬೀರು ತೆಗೆದು ಬೋಗಿಯನ್ನು ಮೇಜಿನ ಮೇಲಿಟ್ಟಳು. ಫೋನಿನ ಟಾರ್ಚು ಹಾಕಿ ಮೂವರೂ ಬಗ್ಗಿದೆವು. ಚಾವಣಿ ನೋಡಿದೆವು, ಬಾಗಿಲುಗಳನ್ನು ನೋಡಿದೆವು, ಗೆರೆಯ ಗುಂಟ ಉಗುರು ಎಳೆದು ನೋಡಿದೆವು. ಎಲ್ಲೂ ಏನೂ ಇಲ್ಲ.

"ಅಪ್ಪನ ಕಣ್ಣಲ್ಲೇ ಇತ್ತೇನೋ. ಪೊರೆ ಬಂದಿತ್ತಲ್ಲ" ಎಂದರು ನನ್ನ ಗಂಡ.

"ಸುಮ್ನಿರು ನೀನು. ಅಪ್ಪ ಇದೆ ಅಂದ್ರೆ ಇದೆ." ಅವಳು ಬೋಗಿಯನ್ನು ಮಗುಚಿ ಹಿಡಿದಳು. "ಎಲ್ಲಿದೆ ಅಂತ ತೋರ್ಸಿ ಹೋಗಕ್ಕೆ ಎಂತ ಆಗಿತ್ತು ಇವ್ರಿಗೆ?"

ನನಗೂ ಮಾವನ ಮೇಲೆ ಕೆಟ್ಟ ಸಿಟ್ಟು ಬಂತು. ಟಾರ್ಚನ್ನು ಅವಳ ಕೈಯಿಂದ ತೆಗೆದುಕೊಂಡು ಇನ್ನೊಂದು ಬದಿಯಿಂದ ಹಿಡಿದೆ, ಮತ್ತೆ ಹುಡುಕತೊಡಗಿದೆವು.