ನಲವತ್ತು ಮೀಟರಿನ ಪಟ್ಟಿ

ಬಂದರಿನ ಮುಳುಗುಗಾರರ ಸಿಲಿಂಡರುಗಳನ್ನು ತುಂಬುವವನಿಗೆ ನಾವು ಇಟ್ಟ ಹೆಸರು ಗಾಳಿ ಮೇಸ್ತ್ರಿ. ಹತ್ತೊಂಬತ್ತು ವರ್ಷ ಆ ತಗಡಿನ ಕೋಣೆಯಲ್ಲಿ ಕಂಪ್ರೆಸರಿನ ಸದ್ದು ಕೇಳಿ ಕೇಳಿ ಅವನ ಎಡಗಿವಿ ಮಂದವಾಗಿತ್ತು. ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದ.

ಅವನದು ಸೈಕಲ್ಲಿಗೆ ಗಾಳಿ ಹೊಡೆಯುವ ಕೆಲಸವಲ್ಲ. ಆಳ ಕಡಿಮೆಯಿದ್ದರೆ ಆಮ್ಲಜನಕ ಹೆಚ್ಚು ಬೆರೆಸಬಹುದು. ಇಳಿದವನು ಹೆಚ್ಚು ಹೊತ್ತು ದುಡಿಯಬಹುದು. ಅದೇ ಗಾಳಿಯನ್ನು ಆಳಕ್ಕೆ ಒಯ್ದರೆ ವಿಷ. ಮೈ ಸೆಟೆದುಕೊಳ್ಳುತ್ತದೆ, ಬಾಯಿಯ ಕೊಳವೆ ಜಾರುತ್ತದೆ, ಅಲ್ಲಿಗೆ ಮುಗಿಯಿತು. ಆಮ್ಲಜನಕ ನೂರಕ್ಕೆ ಇಪ್ಪತ್ತೆಂಟು ಪಾಲಿದ್ದರೆ ನಲವತ್ತು ಮೀಟರಿನವರೆಗೆ ಇಳಿಯಬಹುದು. ಮೂವತ್ತಾರಿದ್ದರೆ ಇಪ್ಪತ್ತೆಂಟೇ ಮೀಟರ್. ತುಂಬಿದವನು ಆ ಆಳವನ್ನು ಪಟ್ಟಿಯ ಮೇಲೆ ಬರೆದು ಸಿಲಿಂಡರಿಗೆ ಅಂಟಿಸಬೇಕು. ಇಳಿಯುವವನು ಗಾಳಿ ಅಳೆಯುವ ಯಂತ್ರ ಹಿಡಿದು ತಾನೇ ಇನ್ನೊಮ್ಮೆ ನೋಡಿ, ಅಳೆದೆ ಎಂದು ಪುಸ್ತಕದಲ್ಲಿ ರುಜು ಹಾಕಬೇಕು.

ಆ ದಿನ ಮೇಸ್ತ್ರಿ ಒಂದು ಸಿಲಿಂಡರಿಗೆ ಮೂವತ್ತಾರರ ಗಾಳಿ ತುಂಬಿದ್ದ. ಹಿಂದಿನ ಸಲದ ನಲವತ್ತು ಮೀಟರಿನ ಪಟ್ಟಿಯನ್ನು ಇನ್ನೂ ಕಿತ್ತಿರಲಿಲ್ಲ. ಅಷ್ಟರಲ್ಲಿ ಹೆಂಡತಿ ಊಟದ ಡಬ್ಬಿ ತಂದಳು. ಹಿಂದೆಯೇ ಅವಳ ತಮ್ಮ ಬಂದ. ಅವನೂ ಮುಳುಗುಗಾರ, ಮುಳುಗಿದ ಹಡಗಿನ ತಳ ನೋಡಲು ನಲವತ್ತಕ್ಕೆ ಇಳಿಯಬೇಕಿತ್ತು. ಪಟ್ಟಿ ನೋಡಿ ಅದೇ ಸಿಲಿಂಡರ್ ಎತ್ತಿಕೊಂಡು ಯಂತ್ರಕ್ಕೆ ಕೈ ಹಾಕಿದ.

ಡಬ್ಬಿ ಬಿಚ್ಚುತ್ತಿದ್ದ ಮೇಸ್ತ್ರಿ ಕಿಚಾಯಿಸಿದ: "ಭಾವ ತುಂಬಿದ್ದನ್ನೂ ಅಳೀತೀಯೇನೋ? ಹಾಗಾದ್ರೆ ಈ ಡಬ್ಬಿಗೂ ಯಂತ್ರ ಹಿಡಿ. ನಿಮ್ಮಕ್ಕ ಏನು ಬೆರೆಸಿದ್ದಾಳೋ ಯಾರಿಗೆ ಗೊತ್ತು!"

"ಅದನ್ನ ತಿಂದೂ ನೀವು ಬದುಕಿದ್ದೀರಲ್ಲ ಭಾವ, ಅಷ್ಟು ಸಾಕು," ಎಂದು ಅವನು ಯಂತ್ರ ಬಿಟ್ಟು ರುಜು ಎಳೆದು ನಡೆದ.

ಅವನ ಹೆಣವನ್ನು ಜೊತೆಗಾರ ಮೇಲೆ ತಂದ.

ನಾವು ಕೆಲಸಗಾರರೆಲ್ಲ ಕಂಪನಿಯ ಗೇಟಿಗೆ ಅಡ್ಡ ಕೂತೆವು. ಕಂಪನಿಯೇ ಕೊಂದಿತು ಎಂದು ಕೂಗಿ ಗಂಟಲು ಹರಿದುಕೊಂಡೆವು. ಎಲ್ಲರಿಗಿಂತ ಜೋರಾಗಿ ಕೂಗಿದವನು ಮೇಸ್ತ್ರಿ. ಕಿವಿ ಮಂದ, ಪಾಪ, ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಮಣ್ಣು.

ಒಂಬತ್ತನೆಯ ದಿನ ವಿಚಾರಣೆ. ಅಧಿಕಾರಿ ರುಜು ತೋರಿಸಿ, "ಅಳೆಯದೆ ಅಳೆದೆ ಅಂತ ಬರೆದಿದ್ದಾನೆ. ಸತ್ತವನದೇ ತಪ್ಪು," ಎಂದ. ನಾವು ಬೆಂಚು ಗುದ್ದಿ ಎದ್ದೆವು. ಮೇಸ್ತ್ರಿ ನಮಗೂ ಮೊದಲೇ ಎದ್ದಿದ್ದ.

"ಹಳೇ ಪಟ್ಟಿ ಕೀಳದೆ ಬಿಟ್ಟವನು ನಾನು ಸಾರ್."

ಎದ್ದಿದ್ದ ನಾವು ಒಬ್ಬೊಬ್ಬರಾಗಿ ಕೂತೆವು. ಗುಮಾಸ್ತ ಬರೆದುಕೊಂಡ. ಮೇಸ್ತ್ರಿ ಕೂರಲು ಹೋದಾಗ ಪಕ್ಕದಿಂದ ಹೆಂಡತಿ ಅವನ ಅಂಗಿಯ ತುದಿ ಹಿಡಿದಳು. ಕೇಳುವ ಕಿವಿಯ ಕಡೆಯೇ ಕೂತಿದ್ದಳು.

"ಪಟ್ಟಿ ಒಂದೇ ಅಲ್ಲ," ಅಂದಳು. "ಯಂತ್ರಕ್ಕೆ ಕೈ ಹಾಕಿದವನನ್ನ ತಮಾಷೆ ಮಾಡಿ ಕಳಿಸಿದ್ದನ್ನೂ ಹೇಳಿ. ನಾನೂ ನಕ್ಕೆ, ಅದನ್ನೂ ಬರೆಸಿ."

ಮೇಸ್ತ್ರಿ ಮತ್ತೆ ಎದ್ದ. ಈ ಸಲ ಮಾತ್ರ ಎಷ್ಟು ಮೆಲ್ಲಗೆ ಹೇಳಿದನೆಂದರೆ, ಗುಮಾಸ್ತ ಎರಡು ಸಲ ಕೇಳಿ ಬರೆದುಕೊಳ್ಳಬೇಕಾಯಿತು.