ತಲೆಯಾಡಿಸಿದರೆ ಸಾಲದು

ಇನ್ನೂ ನಸುಕು. ಅನಕೋಸ್ಟಿಯಾ ಹೊಳೆಯ ದಡದ ಆ ಪುಟ್ಟ ಮನೆಯ ಅಡುಗೆಕೋಣೆಯಲ್ಲಿ ದೀಪ ಉರಿಯುತ್ತಿದೆ. ಒಲೆಯ ಮೇಲೆ ಜೋಳದ ಗಂಜಿ ಕುದಿಯುತ್ತಿದೆ, ರೇಡಿಯೊ ಸುದ್ದಿ ಹೇಳುತ್ತಿದೆ. ವರ್ಲೀನ್ ಟಿಬ್ಸ್ ಕಣ್ಣು ಮುಚ್ಚಿ ಕೂತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡ ಶೀಘ್ರಲಿಪಿ ಯಂತ್ರದ ಮೇಲೆ ಬೆರಳಾಡಿಸುತ್ತಿದ್ದಾರೆ. ಸುದ್ದಿ ಓದುವವನು ಉಸಿರೆಳೆಯಲು ನಿಂತರೆ ಇವರ ಬೆರಳುಗಳೂ ನಿಲ್ಲುತ್ತವೆ. ಕಚೇರಿಯ ಕೆಲಸವಲ್ಲ ಇದು, ಬೆರಳಿನ ಜಡ್ಡು ಬಿಡಿಸುವ ಅಭ್ಯಾಸ.

"ಈ ಮನೇಲಿ ಬೆಳಿಗ್ಗೆ ಹೊತ್ತು ಬಾಯಿ ತೆಗೆಯೋ ಹಾಗಿಲ್ಲ ನೋಡಿ," ಎಂದು ದೂರುತ್ತಾರೆ ಗಂಡ ಲೆಮ್ಯುಯಲ್. ಸಿಟಿ ಬಸ್ ಓಡಿಸಿ ನಿವೃತ್ತರಾದವರು. "ಉಪ್ಪು ಎಲ್ಲಿ ಅಂತ ಕೇಳಿದ್ರೂ ಟಕಟಕ ಅಂತ ಹೊಡ್ಕೊಂಡ್‌ಬಿಡ್ತಾಳೆ. ನಾಳೆ ಜಗಳ ಆದ್ರೆ ಸಾಕ್ಷಿ ಅವಳ ಹತ್ರಾನೇ!"

"ಸುಮ್ನಿರಿ, ನಿಮ್ಮ ಮಾತಲ್ಲಿ ಬರ್ಕೊಳ್ಳೋ ಅಂಥದ್ದು ಏನಿರುತ್ತೆ," ಎನ್ನುತ್ತಾರೆ ವರ್ಲೀನ್, ಕಣ್ಣು ತೆರೆಯದೆಯೇ.

ಎಂಟಕ್ಕೆಲ್ಲ ಅವರು ಸಂಸತ್ತು ಇರುವ ಕ್ಯಾಪಿಟಲ್ ಗುಡ್ಡದ ಮೇಲಿನ ವಿಚಾರಣಾ ಕೋಣೆಯಲ್ಲಿರುತ್ತಾರೆ. ವಿಮಾನ, ರಾಕೆಟ್ಟುಗಳಿಗೆ ದೇಶದ ಹಣ ಸುರಿಯುವವರನ್ನು ಜನಪ್ರತಿನಿಧಿಗಳು ಕೂರಿಸಿಕೊಂಡು ಲೆಕ್ಕ ಕೇಳುವ ಜಾಗ ಅದು. ಅಲ್ಲಿ ಯಾರು ಏನೇ ಆಡಲಿ, ಅಕ್ಷರಕ್ಕಿಳಿಸುವುದು ವರ್ಲೀನ್ ಕೆಲಸ. ಒಳಗೆ ಬಂದವರೇ ಮೊದಲು ಮಾಡುವುದು ತಮ್ಮ ಸ್ಟೂಲಿನ ಜಾಗ ಬದಲಿಸುವುದು. ಕ್ಯಾಮೆರಾದವರು ಗೊಣಗುತ್ತಾರೆ, ಇವರು ಕೇಳುವುದಿಲ್ಲ. ಸಾಕ್ಷಿಯ ಬಾಯಿ ಕಾಣಬೇಕು, ಅಷ್ಟೇ.

ಬಾಗಿಲ ಕಾವಲಿನ ಪೊಲೀಸ್ ಡರ್ವಿನ್‌ಗೆ ದಿನವೂ ಇವರನ್ನು ಕೆಣಕದಿದ್ದರೆ ಸಮಾಧಾನವಿಲ್ಲ. "ಏನಕ್ಕಾ, ಇಷ್ಟು ವರ್ಷ ರಾಕೆಟ್ ಕಥೆ ಕೇಳಿದೀಯ, ಒಂದು ಕಟ್ಕೊಡಬಾರ್ದಾ ನಂಗೆ?"

"ಕಟ್ಕೊಡ್ತೀನಿ. ನಿನ್ನನ್ನೇ ಕೂರಿಸಿ ಹಾರಿಸ್ತೀನಿ, ಬರ್ತೀಯಾ?"

ವರ್ಲೀನ್ ಹುಟ್ಟಿದ್ದು ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ತಾಯಿಯ ಹೊಟ್ಟೆಯಲ್ಲಿ. ಅದೇ ಬಟ್ಟೆಗಳ ಚೀಟಿ ಟೈಪು ಮಾಡುತ್ತ ಕೂತಿದ್ದ ಹುಡುಗಿಗೆ ಬಸ್ಸಿನಲ್ಲಿ ಅಂಟಿಸಿದ್ದ ಶೀಘ್ರಲಿಪಿ ಶಾಲೆಯ ಜಾಹೀರಾತು ಕಣ್ಣಿಗೆ ಬಿತ್ತು. ನಿಮಿಷಕ್ಕೆ ಇನ್ನೂರಿಪ್ಪತ್ತೈದು ಪದ ಹಿಡಿಯಬೇಕಾದ ಪರೀಕ್ಷೆಯಲ್ಲಿ ಮತ್ತೆ ಮತ್ತೆ ನಪಾಸಾದರು. "ಕೊನೇ ಸಲ ಹೋದಾಗ ಎರಡನೇ ಮಗಳು ಹೊಟ್ಟೇಲಿದ್ಲು. ಯಂತ್ರಕ್ಕೂ ನಂಗೂ ನಡುವೆ ಅವಳು! ಕೈ ಚಾಚಿ ಚಾಚಿ ಹೊಡ್ದೆ. ಪಾಸಾಗಿದ್ದು ಅವಳೋ ನಾನೋ ಗೊತ್ತಿಲ್ಲ," ಎಂದು ನಗುತ್ತಾರೆ.

ನಗುವಿನ ಹಿಂದೆ ಪಡಿಪಾಟಲೂ ಇದೆ. ಮಾತು ನಡೆಯುತ್ತಿರುವಾಗ ಸೀನುವಂತಿಲ್ಲ, ಎದ್ದು ಹೋಗುವಂತಿಲ್ಲ. ಮಣಿಕಟ್ಟಿಗೆ ಸದಾ ಪಟ್ಟಿ. ಸರ್ಕಾರಿ ನೌಕರಿಯೂ ಅಲ್ಲ. ಒಂದು ಖಾಸಗಿ ಕಂಪನಿ ಇವರನ್ನು ಕಳಿಸುತ್ತದೆ, ದೊಡ್ಡವರು ಯಾರಾದರೂ ಮುಖ ಸಿಂಡರಿಸಿದರೆ ಮರುದಿನದಿಂದ ಕಳಿಸುವುದಿಲ್ಲ. ಆದ್ದರಿಂದ ಈ ಕಸುಬಿನವರು ಗೋಡೆಯ ಹಾಗೆ ಕೂರುವುದನ್ನು ಕಲಿತಿರುತ್ತಾರೆ.

ಆದರೆ ಅವರಿಗೊಂದು ಹಕ್ಕಿದೆ. ಇಬ್ಬರು ಒಟ್ಟಿಗೆ ಮಾತಾಡಿದರೆ, ಉತ್ತರ ಕೇಳಿಸದಿದ್ದರೆ ಕೈ ಎತ್ತಿ ಸಭೆ ನಿಲ್ಲಿಸಬಹುದು. ಬಳಸುವವರು ಕಡಿಮೆ. ಮೌನ ಸಮ್ಮತಿಯ ಲಕ್ಷಣ ಎಂಬ ಮಾತು ಮದುವೆ ಮಾತುಕತೆಗೆ ಸರಿ, ಇಲ್ಲಿ ನಡೆಯುವುದಿಲ್ಲ. ಸಾಕ್ಷಿ ತಲೆಯಾಡಿಸಿದ್ದನ್ನು ಕಂಡು 'ಹೌದು' ಎಂದು ತಾನೇ ಬರೆದುಕೊಂಡ ಇವರ ಸಹೋದ್ಯೋಗಿಯೊಬ್ಬರು ಕೆಲಸ ಕಳೆದುಕೊಂಡರು. ಕತ್ತು ನೋಯುತ್ತಿತ್ತು, ಅದಕ್ಕೇ ಅಲ್ಲಾಡಿಸಿದೆ ಎಂದನಂತೆ ಆ ಸಾಕ್ಷಿ!

ಕಳೆದ ವಸಂತದ ಒಂದು ಬೆಳಿಗ್ಗೆ ವರ್ಲೀನ್ ಆ ಹಕ್ಕನ್ನು ಬಳಸಬೇಕಾಗಿ ಬಂತು. ಹೊಸ ಮಾದರಿಯ ಪ್ರಯೋಗ ವಿಮಾನವೊಂದರ ವಿಚಾರಣೆ. ಮುಂದಿನ ವರ್ಷದ ಹಣಕ್ಕೆ ಮತ ಬೀಳುವ ಮೊದಲೇ ಅದು ಹಾರಿಬಿಡಲಿ ಎಂಬುದು ವಿಚಾರಣಾ ಸಮಿತಿಯ ಅಧ್ಯಕ್ಷ ಕೋಲ್‌ಗ್ರೋವ್ ಅವರ ಆತುರ. ವಿಮಾನ ತಯಾರಾಗುವುದು ಅವರದೇ ಕ್ಷೇತ್ರದಲ್ಲಿ. ಸಾಕ್ಷಿಯ ಕುರ್ಚಿಯಲ್ಲಿ ಎಂಜಿನಿಯರ್ ಸ್ಟ್ರಾಂಡ್, ಪಕ್ಕದಲ್ಲಿ ಅವರ ಮೇಲಧಿಕಾರಿ, ಹಿಂದಿನ ಸಾಲಿನಲ್ಲಿ ಅದನ್ನು ಹಾರಿಸಬೇಕಾದ ಪೈಲಟ್ ಆಡ್ರಾ ಕೆಸ್ಲರ್.

"ಒಳಗೆ ಮನುಷ್ಯರು ಕೂರೋಕೆ ಬೇಕಾದ ಪರೀಕ್ಷೆ ಎಲ್ಲ ಮುಗಿದಿದೆ, ಅಲ್ವಾ?" ಎಂದರು ಅಧ್ಯಕ್ಷರು.

ಸ್ಟ್ರಾಂಡ್ ಕೋಲೆಬಸವನ ಹಾಗೆ ತಲೆಯಾಡಿಸಿದರು. ಅಧ್ಯಕ್ಷರು ಮುಂದಿನ ಪ್ರಶ್ನೆಗೆ ಹೊರಟರು.

ವರ್ಲೀನ್ ಕೈ ಎತ್ತಿದರು. ಅಧ್ಯಕ್ಷರು ನೋಡದವರಂತೆ ಮಾತು ಮುಂದುವರಿಸಿದರು. ವರ್ಲೀನ್ ಕೈ ಇಳಿಸಲಿಲ್ಲ. "ದಯವಿಟ್ಟು ಬಾಯಿಬಿಟ್ಟು ಹೇಳಿ, ಸರ್," ಎಂದರು ಸಾಕ್ಷಿಯ ಕಡೆ ತಿರುಗಿ.

ಸ್ಟ್ರಾಂಡ್ ಲೋಟ ಎತ್ತಿಕೊಂಡರು. ನೀರು ಕುಡಿದರು. ಆಮೇಲೆ, "ಇಲ್ಲ," ಎಂದರು. "ಮುಗಿದಿಲ್ಲ. ಬಾಲದ ನಡುಕದ ಪರೀಕ್ಷೆ ಬಾಕಿ ಇದೆ. ಅದಕ್ಕೆ ಟೈಮಿಲ್ಲ ಅಂತ ಬಿಟ್ವಿ."

ಕೋಣೆಯಲ್ಲಿ ಗುಜುಗುಜು ಎದ್ದಿತು. ಮೇಲಧಿಕಾರಿಯ ಮುಖ ಸುಣ್ಣವಾಯಿತು. ವರ್ಲೀನ್ ಅವರ ಬೆರಳುಗಳು ಮಾತ್ರ ನಿಲ್ಲಲಿಲ್ಲ. ಅವರನ್ನು ಕೇಳಿದರೆ ವಿವರಣೆ ಸರಳ: "ಕತ್ತು ಯಾರು ಹೇಳಿದ ಹಾಗೆ ಬೇಕಾದ್ರೂ ಆಡುತ್ತೆ. ನಾಲಿಗೆಗೆ ಸ್ವಲ್ಪ ಮಾನ ಮರ್ಯಾದೆ ಇರುತ್ತೆ."

ಆ ಮಾನಕ್ಕೆ ಬೆಲೆ ತೆತ್ತವರು ವರ್ಲೀನ್ ಅವರೇ. ಅಧ್ಯಕ್ಷರ ಕಚೇರಿಯಿಂದ ಕಂಪನಿಗೆ ದೂರು ಹೋಯಿತು, ಇವರಿಗೆ ಕರೆ ಬರುವುದು ನಿಂತಿತು. ಬೇಸಿಗೆಯ ಬಹುಪಾಲು ಮನೆಯಲ್ಲೇ ಕಳೆದರು. ರೇಡಿಯೊ ಹಾಕಿಕೊಂಡು ಬೆರಳಾಡಿಸುವುದನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ. "ಕ್ಷಮೆ ಕೇಳ್ಬಿಡು ಅಂದೆ," ಎನ್ನುತ್ತಾರೆ ಲೆಮ್ಯುಯಲ್. "ಯಾವುದಕ್ಕೆ ಅಂತ ಕೇಳಿದ್ಲು."

ಆಗಸ್ಟಿನಲ್ಲಿ ಆ ಪರೀಕ್ಷೆ ನಡೆಯಿತು. ವಿಮಾನವನ್ನು ನೆಲಕ್ಕೆ ಬಿಗಿದು ಅಲುಗಿಸಿದಾಗ ಬಾಲದ ಕೀಲು ಸೀಳಿ ಕಿತ್ತುಬಂತು. ಒಳಗೆ ಯಾರೂ ಇರಲಿಲ್ಲ. ವಿಷಯ ತಿಳಿದಾಗ ವರ್ಲೀನ್ ಸಿಂಕಿನ ಮುಂದೆ ನಿಂತು ಅತ್ತರು. ಹೆಮ್ಮೆಗಲ್ಲ, ಭಯಕ್ಕೆ. "ಆ ಪೈಲಟ್ ಹೆಣ್ಮಗಳು ನನ್ನ ಕಣ್ಣೆದುರೇ ಕೂತಿದ್ಲು. ನಾನೂ ಎಲ್ಲರ ಹಾಗೆ ಸುಮ್ನಿದ್ದಿದ್ರೆ?"

ಅಕ್ಟೋಬರಿನಲ್ಲಿ ಮತ್ತೆ ಕರೆ ಬಂತು. ಕರೆಸಿದವರು ಕೋಲ್‌ಗ್ರೋವ್ ಅವರೇ. ಅವರು ಕ್ಷಮೆ ಕೇಳಲಿಲ್ಲ. ಆದರೆ ಈಗ ಪ್ರತಿ ವಿಚಾರಣೆಯ ಆರಂಭದಲ್ಲೂ ಸಾಕ್ಷಿಗಳಿಗೆ, "ಬಾಯಿಬಿಟ್ಟು ಉತ್ತರ ಕೊಡಿ, ಇಲ್ದಿದ್ರೆ ಅಲ್ಲಿ ಒಂದು ಕೈ ಏಳುತ್ತೆ," ಎನ್ನುತ್ತಾರೆ. ಬಾಲ ಬದಲಾಯಿಸಲು ಹಣವೂ ಮಂಜೂರಾಗಿದೆ. ಕೆಸ್ಲರ್ ಮುಂದಿನ ವರ್ಷ ಅದನ್ನು ಹಾರಿಸಲಿದ್ದಾರೆ.

ಈ ನಡುವೆ ಒಂದು ಸಣ್ಣ ತಕರಾರು ನಡೆದದ್ದು ಹೆಚ್ಚಿನವರಿಗೆ ಗೊತ್ತಿಲ್ಲ. ವಸಂತದ ಆ ವಿಚಾರಣೆ ಅಚ್ಚಿಗೆ ಹೋಗುವ ಮುನ್ನ, ನಡುವೆ ಬಂದ ಶೀಘ್ರಲಿಪಿಗಾರ್ತಿಯ 'ಬಾಯಿಬಿಟ್ಟು ಹೇಳಿ' ಎಂಬ ಮಾತನ್ನು ತೆಗೆದುಹಾಕೋಣ, ಓದಲು ಚಂದವಿರುತ್ತದೆ ಎಂದು ಸಮಿತಿಯ ಕಚೇರಿಯವರು ಸೂಚಿಸಿದರು. ವರ್ಲೀನ್ ಒಪ್ಪಲಿಲ್ಲ. ಆಡಿದ್ದು ಆಡಿದ್ದೇ ಎಂದರು. ಮಾತು ಉಳಿಯಿತು, ಆಡಿದವರ ಹೆಸರಿಲ್ಲದೆ.

"ಮೂವತ್ತು ವರ್ಷದಿಂದ ಬೇರೆಯವರ ಮಾತು ಬರೀತಾ ಇದೀನಿ," ಎನ್ನುತ್ತಾರೆ ಅವರು, ಮಣಿಕಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ. "ಅಷ್ಟೂ ಪುಟದಲ್ಲಿ ನಂದು ಅಂತ ಇರೋದು ಅದೊಂದೇ ಸಾಲು. ಇರ್ಲಿ ಬಿಡಿ, ಯಾರಿಗೂ ತೊಂದ್ರೆ ಕೊಡಲ್ಲ ಅದು."